ಎರಡು ಬ್ರೇಕಿಗೆ ಒಂದು ಲಿವರ್

ಎರಡು ವರ್ಷದ ಹಿಂದೆ ನಾನು ಶಿವಮೊಗ್ಗದ ಗೋಪಾಳದ ಒಂದು ಸೈಕಲ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ರಿಪೇರಿಗಿಂತ ಅಣಕಕ್ಕೇ ನನಗೆ ಹೆಚ್ಚು ಹೆಸರಿತ್ತು. ಮಾಲೀಕರ ಕೆಮ್ಮು, ಗಿರಾಕಿಗಳ ಚೌಕಾಸಿ, ನನ್ನದೇ ಬಡಾಯಿ, ಯಾವುದನ್ನೂ ಬಿಡುತ್ತಿರಲಿಲ್ಲ.

ಭದ್ರಾವತಿಯ ಕಾಗದನಗರದಿಂದ ರಶ್ಮಿ ಎಂಬ ಶಿಕ್ಷಕಿ ತಂದೆ ಶಿವಕುಮಾರ್ ಅವರ ಹಳೆಯ ಮೌಂಟನ್ ಬೈಕನ್ನು ಗೂಡ್ಸ್ ಆಟೋದಲ್ಲಿ ತಂದರು. ಅದನ್ನು ಗ್ರಾವೆಲ್ ಬೈಕ್ ಮಾಡಬೇಕಿತ್ತು. ಅಂದರೆ ಡಾಂಬರಿನ ಮೇಲೂ ಜಲ್ಲಿಯ ಮೇಲೂ ಹಗುರವಾಗಿ ಓಡುವ, ಬಾಗಿದ ಹ್ಯಾಂಡಲ್ಲಿನ ಸೈಕಲ್. ತಂದೆಗೆ ಪಾರ್ಶ್ವವಾಯು ಬಡಿದು ಎಡಗೈ ಸೋತಿತ್ತು. ತುಳಿಯಬಹುದು ಎಂದು ಡಾಕ್ಟರು ಹೇಳಿದ ಮೇಲೆ ಹೊರಟವರು ನೀರಾವರಿ ಚಾನೆಲ್ಲಿನ ಏರಿಯ ಮೇಲೆ ಬಿದ್ದಿದ್ದರು.

"ಇನ್ನೊಂದ್ ಸಲ ಬಿದ್ರೆ ಅಮ್ಮ ಇದನ್ನ ಗುಜರಿಗೆ ಹಾಕ್ತಾರೆ. ಆಮೇಲೆ ಅಪ್ಪ ಗೇಟ್ ದಾಟಲ್ಲ," ಎಂದರು ರಶ್ಮಿ.

ಮುಂದಿನ ಚಕ್ರದ, ಕುಗ್ಗಿ ಹಿಗ್ಗುವ ಸಸ್ಪೆನ್ಷನ್ ಫೋರ್ಕ್ ತೆಗೆದು ಗಟ್ಟಿ ಫೋರ್ಕ್ ಹಾಕಿದೆ. ಅಂಗೈ ಒಳಮುಖವಾಗಿ ಒರಗುವಂತೆ ಬಾಗಿದ ಡ್ರಾಪ್ ಹ್ಯಾಂಡಲ್ ಕೂರಿಸಿದೆ. ಮೌಂಟನ್ ಬೈಕಿನ ಫ್ರೇಮ್ ಉದ್ದ; ಕೈ ಎಟುಕಲೆಂದು ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಗಿಡ್ಡದ್ದು ಹಾಕಿದೆ. ಗೇರ್ ಪೂರ್ತಿ ಬಲಗೈಗೆ ಬಂತು. ಬ್ರೇಕ್ ಬಗ್ಗೆ ಶಿವಕುಮಾರ್ ಅವರನ್ನೇ ಫೋನಿನಲ್ಲಿ ಕೇಳಿದೆ.

"ಎಡಗೈ ಹಿಡಿಯುತ್ತಾ ಸಾರ್?"

"ಹಿಡಿಯುತ್ತೆ, ಹಿಡಿಯುತ್ತೆ."

ನಂಬಿದೆ. ವಾಡಿಕೆಯಂತೆ ಬಲಕ್ಕೆ ಮುಂದಿನ ಬ್ರೇಕ್, ಎಡಕ್ಕೆ ಹಿಂದಿನದು.

ಸೈಕಲ್ ಒಯ್ಯಲು ತಂದೆ, ಮಗಳು ಇಬ್ಬರೂ ಬಂದರು. ಶಿವಕುಮಾರ್ ಮಗಳನ್ನು ಎಳನೀರು ತರಲು ಕಳಿಸಿ ನನ್ನತ್ತ ತಿರುಗಿದರು.

"ಎಲ್ರನ್ನೂ ಅಣಕ ಮಾಡ್ತೀಯಂತಲ್ಲ ಮಾರಾಯ, ನನ್ನೂ ಮಾಡು ನೋಡಣ."

"ಅಯ್ಯೋ, ಬೇಡ ಸಾರ್."

"ಮಾಡು ಅಂದೆ. ಎಡಗೈ ಸುಮ್ನೆ ಹ್ಯಾಂಡಲ್ ಮೇಲಿಟ್ಕೊ, ಬೆರಳು ಮಡಚ್ಬೇಡ. ಇಳಿಜಾರಲ್ಲಿ ಬಂದು ಬ್ರೇಕ್ ಹಿಡಿ."

ಅವರ ಸೈಕಲ್ಲನ್ನೇ ಹತ್ತಿ ಅಂಗಡಿ ಮುಂದಿನ ಇಳಿಜಾರಿನಲ್ಲಿ ಹಾಗೇ ಮಾಡಿದೆ. ಮುಂದಿನ ಚಕ್ರ ಮಾತ್ರ ಕಚ್ಚಿಕೊಂಡಿತು, ಹಿಂದಿನದು ಮೇಲೆದ್ದಿತು. ಅಣಕ ಮಾಡುತ್ತಾ ನಾನು ಬಿದ್ದದ್ದು ಅದೇ ಮೊದಲು. ಯಾರೂ ನಗಲಿಲ್ಲ.

"ಚಾನೆಲ್ ಮೇಲೆ ನಾನು ಬಿದ್ದಿದ್ದೂ ಹಿಂಗೇ," ಎಂದರು ಅವರು.

ಅಷ್ಟರಲ್ಲಿ ಬಂದ ರಶ್ಮಿ ನನ್ನ ಮೊಣಕೈಯ ರಕ್ತ ನೋಡಿ ಗಾಬರಿಯಾದರು. ನಾನು ಏನೋ ನೆಪ ಹೇಳಲು ಬಾಯಿ ತೆರೆದೆ. ಶಿವಕುಮಾರ್ ನನ್ನನ್ನು ತಡೆದರು.

"ನನ್ನ ಕೈ ಮುಚ್ಚಲ್ಲ ಪುಟ್ಟಿ. ಅವತ್ತಿಂದಾನೂ ಮುಚ್ಚಿಲ್ಲ. ಹೇಳಿದ್ರೆ ಸೈಕಲ್ ಬಿಡಿಸ್ತೀರಾ ಅಂತ ಹೇಳ್ಲಿಲ್ಲ."

ರಶ್ಮಿ ಎಳನೀರು ಕೆಳಗಿಟ್ಟು ಆ ಕೈಯನ್ನು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಸೈಕಲ್ ಮತ್ತೆ ಸ್ಟ್ಯಾಂಡಿಗೇರಿತು. ಬಲಗೈ ಲಿವರ್ ಒಂದನ್ನೇ ಹಿಡಿದರೆ ಎರಡೂ ಕೇಬಲ್ ಎಳೆಯುವಂತೆ ಜೋಡಿಸಿದೆ. ಹಿಂದಿನ ಬ್ರೇಕ್ ಕೂದಲೆಳೆಯಷ್ಟು ಮೊದಲು ಕಚ್ಚಬೇಕು. ಸಲೀಸಾಗಿ ನಿಲ್ಲುವ ತನಕ ಎಡಗೈ ಸತ್ತವನಂತೆ ನಾನೇ ತುಳಿದೆ. ಈಗ ಅದು ಅಣಕವಾಗಿರಲಿಲ್ಲ, ಕೆಲಸವಾಗಿತ್ತು.

ನಾನೇ ಸೈಕಲನ್ನು ಕಾಗದನಗರಕ್ಕೆ ಒಯ್ದು ಒಪ್ಪಿಸಿದೆ. ಕ್ವಾರ್ಟರ್ಸಿನ ರಸ್ತೆಯಲ್ಲಿ ಶಿವಕುಮಾರ್ ಹೋದರು, ತಿರುಗಿದರು, ಹೆಂಡತಿಯ ಮುಂದೆ ಬಂದು ನಿಂತರು. ಆಕೆ ಸೆರಗಿನ ತುದಿ ಹಿಡಿದು ನಿಂತ ಚಕ್ರಗಳನ್ನೇ ನೋಡುತ್ತಿದ್ದರು.

ಗಿರಾಕಿ ಬಾಯಲ್ಲಿ ಹೇಳಿದ್ದಕ್ಕೆ ಸ್ಪ್ಯಾನರ್ ಹಿಡಿಯಬಾರದು, ಅವನ ಮೈಯೊಳಗೆ ಒಂದು ಸುತ್ತು ಹೋಗಿ ಬರಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು.

ಶಿವಕುಮಾರ್ ಮತ್ತೆ ಪೆಡಲ್ ಮೇಲೆ ಕಾಲಿಟ್ಟರು. ಆಗ ಆಕೆ ಒಳಗೆ ಹೋಗಿ ಒಂದು ಚೀಲ ತಂದು ಹ್ಯಾಂಡಲ್ಲಿಗೆ ಸಿಕ್ಕಿಸಿದರು.

"ಹೆಂಗೂ ಹೊರಟಿದೀರ. ಬರ್ತಾ ಕೊತ್ತಂಬರಿ ಸೊಪ್ಪು ತಗೊಂಡ್ ಬನ್ನಿ."