ಮಳೆಪೆಟ್ಟಿಗೆಯ ಗುಂಡಿ

ಅರವತ್ತರ ದಶಕದ ಕೊನೆ. ಜಯನಗರದ ನಮ್ಮ ಮನೆಯ ಸುತ್ತ ಇನ್ನೂ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಯಜಮಾನರು ಒಂದು ಪ್ರಯೋಗಾಲಯದಲ್ಲಿ ಎಂಜಿನಿಯರ್. ಕರೆಂಟು ಉಳಿಸುವುದೆಂದರೆ ಅವರಿಗೆ ವ್ರತ. ನಾನು ಸೌಟು ಹಿಡಿದು ನಡುಮನೆಗೆ ಬಂದರೆ ಸಾಕು, ಹಿಂದೆ ಅಡುಗೆಮನೆಯ ದೀಪ ಆರಿರುತ್ತಿತ್ತು; ಸಾರು ಕತ್ತಲಲ್ಲೇ ಕುದಿಯಬೇಕು.

ಆಗ ಅವರು ಮಳೆ ಎಣಿಸುವ ಪೆಟ್ಟಿಗೆಯೊಂದನ್ನು ಕಟ್ಟುತ್ತಿದ್ದರು. ಕರೆಂಟಿಲ್ಲದ ದೂರದ ಕೆರೆ ಏರಿಗಳ ಮೇಲೆ ಅಳತೆಯ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಅದರೊಳಗಿನ ಟ್ರಾನ್ಸಿಸ್ಟರುಗಳು ಲೆಕ್ಕ ಇಟ್ಟುಕೊಳ್ಳಬೇಕು, ಅದೂ ಬರೀ ಸೆಲ್ಲುಗಳ ಬಲದಲ್ಲಿ. ಸೆಲ್ಲು ತಿನ್ನುವುದರಲ್ಲಿ ಮೊದಲ ಪೆಟ್ಟಿಗೆ ಬಕಾಸುರನೇ ಸರಿ. ಇವರು ಟ್ರಾನ್ಸಿಸ್ಟರಿಗೆ ಹರಿಯುವ ಕರೆಂಟನ್ನು ಚೂರುಚೂರೇ ಇಳಿಸಿದರು. ತೀರಾ ಇಳಿಸಿದಾಗ ಅದು ಲೆಕ್ಕ ತಪ್ಪಿತು. ಮತ್ತೆ ಒಂದಿಷ್ಟು ಏರಿಸಿದರು. ಕೊನೆಗೆ ನೋಡಿದರೆ, ಲೆಕ್ಕ ತೋರಿಸುವ ಪುಟ್ಟ ಬಲ್ಬುಗಳೇ ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿದ್ದವು. ಗುಂಡಿ ಒತ್ತಿದಾಗ ಮಾತ್ರ ಅವು ಉರಿಯುವಂತೆ ಮಾಡಿದರು.

ಪರೀಕ್ಷೆಗೆಂದು ಪೆಟ್ಟಿಗೆಯೊಳಗೆ ಕೂರಿಸಿದ ಒಂದು ಲೆಕ್ಕ, ಸೆಲ್ಲು ಬದಲಿಸದೆ, ವಾರವಿಡೀ ಅಳಿಯದೆ ಉಳಿಯಬೇಕು, ಇಲ್ಲದಿದ್ದರೆ ಈ ಕೆಲಸ ಬೇರೆಯವರಿಗೆ ಎಂದು ಅವರ ಸಾಹೇಬರು ಹೇಳಿದ್ದರು. ಪರೀಕ್ಷೆಯ ವಾರ ಅದನ್ನು ಪ್ರಯೋಗಾಲಯದಲ್ಲಿ ಬಿಟ್ಟು ಬರಲು ಮನಸ್ಸಾಗದೆ ಇವರು ಮನೆಗೇ ಹೊತ್ತು ತಂದರು.

ಬೆಳಕಿಲ್ಲದ ಪೆಟ್ಟಿಗೆ ಕಂಡು ಅತ್ತೆಗೆ ಸಂಕಟ. "ಮುಸ್ಸಂಜೆ ಹೊತ್ನಲ್ಲಿ ಮಂಕಾಗಿ ಕೂತಿದೆಯಲ್ಲೋ, ಜೀವ ಇದೆಯಾ?" ಎಂದು ತಾವೇ ಗುಂಡಿ ಒತ್ತಿ ನೋಡುವರು.

"ಅಮ್ಮಾ, ನೋಡಿ ನೋಡೀನೇ ಸಾಯಿಸ್ತೀಯ ಅದನ್ನ," ಎಂದು ಇವರು ಗದರುವರು. ಗದರಿದ ಮೇಲೆ, ಅಮ್ಮ ಒತ್ತಿದ್ದರಿಂದ ಏನಾದರೂ ಕೆಟ್ಟಿತೇ ಎಂದು ತಾವೂ ಒಮ್ಮೆ ಒತ್ತುವರು. ಸ್ನಾನಕ್ಕೆ ಮೊದಲು ಒಮ್ಮೆ, ಊಟದ ನಡುವೆ ಎಡಗೈಯಲ್ಲಿ ಇನ್ನೊಮ್ಮೆ. ವಾರ ತುಂಬುವ ಮೊದಲೇ ಸೆಲ್ಲು ಸೋತು ಲೆಕ್ಕ ಅಳಿಸಿಹೋಯಿತು.

ಇವರು ಊಟ ಬೇಡವೆಂದು ಗೋಡೆ ನೋಡುತ್ತಾ ಕುಳಿತರು. ಸಾಹೇಬರು ಇನ್ನೊಂದೇ ಅವಕಾಶ ಕೊಟ್ಟರು. ಹೊಸ ಸೆಲ್ಲು ಹಾಕಿದ ಕೂಡಲೇ ನಾನು ಪೆಟ್ಟಿಗೆಯನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟು, ಬೀಗ ಹಾಕಿ, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಒಂದೇ ಸಲ ಕಣೇ. ಲೆಕ್ಕ ಇದೆಯೋ ಇಲ್ವೋ ನೋಡಿಬಿಡ್ತೀನಿ."

"ಮಾಡಿದೋರು ನೀವೇ ತಾನೇ? ನಂಬಿ."

ಮರುದಿನ ಇವರು ಬೀರುವಿಗೆ ಕಿವಿಯಿಟ್ಟು ನಿಂತಿದ್ದರು. ಟ್ರಾನ್ಸಿಸ್ಟರು ಸದ್ದು ಮಾಡುವುದಿಲ್ಲವೆಂದು ನನಗೆ ಹೇಳಿಕೊಟ್ಟವರೇ ಇವರು.

ವಾರ ಕಳೆದ ಮೇಲೆ ಸಾಹೇಬರು ಗುಂಡಿ ಒತ್ತಿದಾಗ ಇಟ್ಟ ಲೆಕ್ಕ ಇಟ್ಟಂತೆಯೇ ಇತ್ತು. ಈ ಸಲ ಏನು ಬದಲಾಯಿಸಿದಿರಿ ಎಂದು ಕೇಳಿದ್ದಕ್ಕೆ ಇವರು ಬೀರುವಿನ ಕತೆ ಹೇಳಿದರಂತೆ. ಸಾಹೇಬರು ನಗಲಿಲ್ಲ. ಗುಂಡಿ ತೆಗೆದು, ಬೀಗದಕೈ ತಿರುಗಿಸಿದರೆ ಮಾತ್ರ ಬಲ್ಬು ಉರಿಯುವ ಸ್ವಿಚ್ಚು ಕೂರಿಸಲು ಹೇಳಿದರು. ಬೀಗದಕೈ ಯಾರ ಹತ್ತಿರ ಇಡೋಣ, ಏರಿ ಕಾಯುವವನ ಹತ್ತಿರವೋ ಎಂಜಿನಿಯರ್ ಹತ್ತಿರವೋ ಎಂದೂ ಕೇಳಿದರಂತೆ.

"ಯಾರ ಹತ್ರ ಬೇಕಾದ್ರೂ ಇರ್ಲಿ ಸಾರ್, ಎಂಜಿನಿಯರ್ ಹತ್ರ ಮಾತ್ರ ಬೇಡ," ಎಂದರಂತೆ ಇವರು.