ಅಪ್ಪ ಕಂಡ ಮರಳುದಿಬ್ಬ

ಅಪ್ಪ ಧಾರವಾಡದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವನು. ಅಷ್ಟು ವರ್ಷವೂ ಅವನು ಕಂಡ ಮರಳುಗಾಡೆಂದರೆ ಬೋರ್ಡಿನ ಮೇಲೆ ತಾನೇ ಸೀಮೆಸುಣ್ಣದಲ್ಲಿ ಬರೆದದ್ದು. 2017ರ ಚಳಿಗಾಲದಲ್ಲಿ ಪರದೇಶಕ್ಕೆ, ಸ್ಟ್ರೀಟ್ಸ್‌ವಿಲ್‌ನ ನಮ್ಮ ಮನೆಗೆ ಬಂದಿದ್ದಾಗ, ಕ್ವೀನ್ ಸ್ಟ್ರೀಟಿನ ಹಿಮದಲ್ಲಿ ಫುಟ್‌ಪಾತಿನ ಅಂಚು ಕಾಣದೆ ಬಿದ್ದ. ಡಾಕ್ಟರು ಎರಡೂ ಕಣ್ಣಿಗೆ ಗ್ಲಾಕೋಮಾ ಎಂದರು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಡ್ರಾಪ್ಸ್ ಹಾಕಿದರೆ ಉಳಿದದ್ದು ನಿಧಾನಕ್ಕೆ ಹೋಗುತ್ತದೆ, ಅಷ್ಟೇ. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಅವನನ್ನು ಊರಿಗೆ ಬಿಡಲು ಹೊರಟವಳು, ದಾರಿಯಲ್ಲಿ ಓಮಾನ್‌ನಲ್ಲಿ ಇಳಿದು ಎರಡು ದಿನ ಮರಳುಗಾಡಿನ ಡೇರೆಯಲ್ಲಿ ಇರೋಣವೆಂದು ಹಟ ಹಿಡಿದೆ. ಕಣ್ಣಿದ್ದಾಗಲೇ ನೋಡಲಿ.

ಡೇರೆ ಆಡಿನ ಕೂದಲಿನಿಂದ ನೇಯ್ದದ್ದು, ಕಡುಗಪ್ಪು. "ಕರೇದು ಬಿಸಲ ಹೀರತೈತಿ. ಇವರಿಗೆ ಇಷ್ಟೂ ತಿಳಿಯೂದಿಲ್ಲೇನು?" ಎಂದು ನಮ್ಮ ಭೂಗೋಳದ ಮಾಸ್ತರರು ಹೊರಗೇ ತೀರ್ಪು ಕೊಟ್ಟರು. ಒಳಗೆ ಕಾಲಿಟ್ಟರೆ ತಂಪು. ಅಪ್ಪ ಆ ಬಟ್ಟೆಯನ್ನು ಸವರಿ ಸವರಿ ನೋಡಿದ.

ಹೊರಬಂದರೆ ಎದುರಿಗೇ ದಿಬ್ಬ, ನಾಲ್ಕು ಅಂತಸ್ತಿನ ಕಟ್ಟಡದಷ್ಟು ಎತ್ತರ. ನಾನು ಬಾಯಿ ತೆರೆದು ನಿಂತೆ.

"ದಿಬ್ಬ ಎಲ್ಲಿ ಐತಿ?" ಎಂದ ಅಪ್ಪ.

ಆ ಬಿಸಿಲಲ್ಲಿ ಮರಳೂ ಆಕಾಶವೂ ಅವನಿಗೆ ಒಂದೇ ಬಿಳಿ. ತಡಮಾಡಿ ಕರೆತಂದೆನಲ್ಲ ಅನ್ನಿಸಿತು.

ಹೊತ್ತು ಇಳಿಯತೊಡಗಿದಾಗ ಡೇರೆ ನೋಡಿಕೊಳ್ಳುವ ಮುದುಕ ಅಪ್ಪನ ಬೂಟು ತೋರಿಸಿ, ಬಿಚ್ಚು ಎಂದು ಸನ್ನೆ ಮಾಡಿದ. ಬರಿಗಾಲು ಮರಳಿಗೆ ತಾಗಿದ್ದೇ ತಡ, ಅಪ್ಪ ನನ್ನ ಕೈ ಹಿಡಿದು ತಾನೇ ಮುಂದಾದ. "ಇಲ್ಲಿ ಗಟ್ಟಿ ಐತಿ. ಗಾಳಿ ಬಡಿಯೂ ಬದಿ ಇದು, ಹಿಂಗ ಏರಬೇಕು. ಆ ಕಡೆ ಕಾಲಿಟ್ಟಿ ಅಂದ್ರ ಜಾರತೈತಿ." ಕಣ್ಣಿರುವ ನಾನು ಏದುಸಿರು ಬಿಡುತ್ತ ಅವನ ಹಿಂದೆ ಹತ್ತಿದೆ.

ತುದಿ ಮುಟ್ಟುವಷ್ಟರಲ್ಲಿ ಸೂರ್ಯ ಕೆಳಗಿಳಿದಿದ್ದ. ದಿಬ್ಬದ ಒಂದು ಮೈ ಕೆಂಪು, ಇನ್ನೊಂದು ಕಪ್ಪು, ನಡುವೆ ಬಳುಕುತ್ತ ಹೋದ ಒಂದೇ ಗೆರೆ. ಅದರಾಚೆ ಇನ್ನೊಂದು ದಿಬ್ಬ, ಮತ್ತೊಂದು, ಕೊನೆಯೇ ಇಲ್ಲ. ನನಗೆ ಉಸಿರಾಡಲೂ ಭಯವಾಯಿತು.

"ಕಂಡ್ತು!" ಅಪ್ಪ ಕೂಗಿದ. "ಗೆರಿ ಕಂಡ್ತು, ಯವ್ವಾ!"

ಅವನ ಬೆರಳು ಗಾಳಿಯಲ್ಲಿ ಆ ಗೆರೆಯ ಜೊತೆಗೇ ಸಾಗಿತು. ಇಷ್ಟು ದೊಡ್ಡದರ ಮುಂದೆ ನಾವಿಬ್ಬರೂ ಏನೇನೂ ಅಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದೇ ಸುಖವಾಗಿತ್ತು.

ಸ್ವಲ್ಪ ಹೊತ್ತಿಗೆ ಗೆರೆ ಮಾಸಿತು. ಅಪ್ಪನ ಮುಖ ಸಣ್ಣದಾಯಿತು.

"ಹೋತು. ನನಗ ಕಾಣಸವಲ್ದು."

"ನನಗೂ ಕಾಣಸವಲ್ದಪ್ಪಾ," ಎಂದೆ. ಅದು ನಿಜವಾಗಿತ್ತು.

"ನಿನಗೂ?" ಅವನು ನನ್ನತ್ತ ತಿರುಗಿ ಗಟ್ಟಿಯಾಗಿ ನಕ್ಕುಬಿಟ್ಟ. "ಹಂಗಾರ ನನ್ನ ಕಣ್ಣಲ್ಲ. ಹೊತ್ತ ಮುಳುಗೇತಿ!"