ಅತ್ತೆ ಬಂಡಿಯಿಂದ ಇಳಿಯದೆ ನೋಡಿದ ಹೊಳೆ

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಮಾತು ತೆಗೆದರೆ ನಾನು ಮೊದಲೆಲ್ಲ ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತಿದ್ದೆ. ಕೂತು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ನನ್ನ ತಂದೆ ಶಾಲೆ ಮಾಸ್ತರರು. ಕಣ್ಣಿಗೆ ಕಂಡದ್ದನ್ನೂ ಎರಡು ಸಲ ನೋಡು ಎಂದು ಹೇಳಿ ಬೆಳೆಸಿದವರು. ಈಗ ನಾನು ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ. ಇದರಲ್ಲಿ ದೆವ್ವವಿಲ್ಲ. ಒಂದು ಎತ್ತು ಇದೆ, ಹೊಳೆ ಇದೆ, ನನ್ನ ಅತ್ತೆ ಇದ್ದಾರೆ. ಆ ದಿನವನ್ನು ನೆನೆದರೆ ಇವತ್ತಿಗೂ ನನಗೆ ಖುಷಿಗೆ ಮೈ ಜುಮ್ಮೆನ್ನುತ್ತದೆ.

ನಿಜಾಮರ ಕಾಲ. ರಜಾಕಾರರ ಗಲಾಟೆ ಶುರುವಾಗುವುದಕ್ಕೆ ಇನ್ನೂ ಕೆಲವು ವರ್ಷಗಳಿದ್ದವು. ನಾನು ಮಸ್ಕಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಮ್ಮದು ಕಿರಾಣಿ ಅಂಗಡಿ, ಜೊತೆಗೆ ಸ್ವಲ್ಪ ಹೊಲ, ಒಂದು ಬಂಡಿ, ಒಂದು ಜೊತೆ ಎತ್ತು. ಮನೆಯಲ್ಲಿ ನನ್ನ ಗಂಡ, ಮೈದುನಂದಿರು, ಮತ್ತು ಅತ್ತೆ. ಅತ್ತೆಗೆ ಎರಡೂ ಮೊಣಕಾಲು ಹೋಗಿದ್ದವು. ಅಡುಗೆಮನೆಯಿಂದ ಹಿತ್ತಲಿಗೆ ಹೋಗಬೇಕಾದರೂ ಗೋಡೆ ಹಿಡಿದೇ ಹೋಗಬೇಕು. ಒಂದು ಕಣ್ಣಿಗೆ ಪೊರೆ ಬಂದು ಪೂರ್ತಿ ಮುಚ್ಚಿತ್ತು, ಇನ್ನೊಂದರಲ್ಲೂ ಮಂಜು ಕವಿಯತೊಡಗಿತ್ತು. ಬಾಯಿ ಮಾತ್ರ ಗಟ್ಟಿಯಾಗಿತ್ತು.

ಅವರ ತವರು ಲಿಂಗಸೂಗೂರಿನ ಆಚೆ, ಜಲದುರ್ಗದ ಕಡೆ. ಅಲ್ಲಿ ಕೃಷ್ಣಾ ಹೊಳೆ ಎರಡಾಗಿ ಸೀಳಿ ಮತ್ತೆ ಒಂದಾಗುತ್ತದೆ. ಹೊಳೆಯ ಮೇಲೆ ಕಡಿದಾದ ಗುಡ್ಡ. ಅದರ ತುದಿಗೆ ನಿಂತರೆ ಕಾಲಕೆಳಗೆ ನೀರೇ ನೀರು. ಸಮುದ್ರ ಕಾಣದ ನಮ್ಮ ಕಡೆಯವರಿಗೆ ಅದೇ ಸಮುದ್ರ. ಅತ್ತೆ ಎಂಟೊಂಬತ್ತು ವರ್ಷದವರಿದ್ದಾಗ ಅವರ ಅಪ್ಪ ಮಳೆಗಾಲದಲ್ಲಿ ಅವರನ್ನು ಬಂಡಿಯಲ್ಲಿ ಕೂರಿಸಿಕೊಂಡು ಆ ಗುಡ್ಡದ ತುದಿಗೇ ಕರೆದೊಯ್ದಿದ್ದರಂತೆ. "ನಾ ಬಂಡ್ಯಾಗ ಕುಂತೇ ನೋಡೀನಿ. ನೆಲಕ್ಕ ಕಾಲ ಇಟ್ಟಿಲ್ಲ" ಎನ್ನುತ್ತಿದ್ದರು. ವಾರಕ್ಕೊಮ್ಮೆಯಾದರೂ ಈ ಮಾತು ಬರುತ್ತಿತ್ತು, ಬಂದಾಗೆಲ್ಲ ಮನೆಮಂದಿ ನಗುತ್ತಿದ್ದರು.

ನಗಲು ಕಾರಣವೂ ಇತ್ತು. ಆ ಗುಡ್ಡಕ್ಕೆ ಹೋಗಿಬಂದವರು ನಮ್ಮ ಊರಲ್ಲೂ ಇದ್ದರು. ಕೊನೆಯ ಹಳ್ಳಿಯಲ್ಲಿ ಬಂಡಿ ಬಿಟ್ಟು, ಕಲ್ಲುಮುಳ್ಳು ತುಳಿಯುತ್ತ ಅರ್ಧ ದಿನ ಏರಬೇಕು ಎಂದು ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. "ಅವ್ವಾ, ಆ ಗುಡ್ಡಾ ಆಡು ಏರಬೇಕು, ಬಂಡಿ ಏರೂದಿಲ್ಲ. ನೀ ಕನಸ ಕಂಡೀ" ಎಂದು ನನ್ನ ಗಂಡ ಕೆಣಕುತ್ತಿದ್ದರು. ಅತ್ತೆಯ ಮುಖ ಸಣ್ಣದಾಗುತ್ತಿತ್ತು. "ನಮ್ಮಪ್ಪ ಒಯ್ದದ್ದು ಸುಳ್ಳೇನು? ಈ ಕಣ್ಣ ಮುಚ್ಚೂದ್ರಾಗ ಇನ್ನೊಂದ ಸಲ ನೋಡಿ ಸಾಯ್ತೀನಿ, ಬಂಡ್ಯಾಗ ಕುಂತೇ ನೋಡ್ತೀನಿ" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನಗುವವರಲ್ಲಿ ನಾನೂ ಇದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆ ವರ್ಷ ಶ್ರಾವಣದಲ್ಲಿ ಲಿಂಗಸೂಗೂರಿನಲ್ಲಿ ಅತ್ತೆಯ ತಮ್ಮನ ಮೊಮ್ಮಗುವಿಗೆ ತೊಟ್ಟಿಲ ಕಾರ್ಯವಿತ್ತು. ನನ್ನ ಗಂಡ ಮಾಲು ತರಲು ಸಿಂಧನೂರಿಗೆ ಹೋಗಿದ್ದರು. ನಾನು ಮತ್ತು ಅತ್ತೆ ಬಂಡಿಯಲ್ಲಿ ಹೊರಟೆವು. ಹೊಡೆಯುವವನು ದುರುಗಪ್ಪ, ನಮ್ಮಲ್ಲಿ ಹತ್ತು ವರ್ಷದಿಂದ ದುಡಿಯುತ್ತಿದ್ದ ನಡುವಯಸ್ಸಿನ ಆಳು. ತೊಟ್ಟಿಲ ಕಾರ್ಯ ಮುಗಿದ ರಾತ್ರಿ ಅತ್ತೆ ನನ್ನ ಪಕ್ಕದಲ್ಲಿ ಮಲಗಿ, "ಇಲ್ಲಿ ತನ ಬಂದೀವಿ. ನಾಳೆ ಹೋಗೂಣೇನು?" ಎಂದು ಕೇಳಿದರು. ಆ ಧ್ವನಿಯಲ್ಲಿ ಜೋರಿರಲಿಲ್ಲ. ಚಿಕ್ಕ ಹುಡುಗಿ ಏನನ್ನೋ ಬೇಡುವಂತಿತ್ತು. ನಾನು ಹೂಂ ಎಂದುಬಿಟ್ಟೆ. ಗುಡ್ಡ ಏರಲಾಗದಿದ್ದರೂ ದೂರದಿಂದಾದರೂ ತೋರಿಸಿ ತಂದರಾಯಿತು ಎಂದು ನನ್ನ ಲೆಕ್ಕ.

ಬೆಳಗು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಟೆವು. ಹಿಂದಿನ ದಿನ ಮಳೆಯಾಗಿ ಆಕಾಶ ತೊಳೆದಂತಿತ್ತು. ಮನೆಯ ಗಂಡಸರ ಕಾವಲಿಲ್ಲದೆ ಹೀಗೆ ಹೊರಟಿದ್ದು ನನ್ನ ಜೀವನದಲ್ಲೇ ಮೊದಲು. ದಾರಿಯುದ್ದಕ್ಕೂ ನಾನು ಹಾಡು ಹೇಳಿದ್ದೇ ಹೇಳಿದ್ದು; ದುರುಗಪ್ಪ ತಲೆ ತಗ್ಗಿಸಿ ನಗುತ್ತಿದ್ದ. ಎತ್ತುಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎಡಗಡೆಯದು ನಮ್ಮ ಹಳೆಯ ಎತ್ತು. ಬಲಗಡೆಯದು ಬಿಳ್ಯಾ; ಹಿಂದಿನ ವರ್ಷ ಪಾಮನಕಲ್ಲೂರಿನ ರೈತರೊಬ್ಬರಿಂದ ಕೊಂಡ ಹೋರಿ, ಅವರ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಲಿಂಗಸೂಗೂರಿನಿಂದ ಆಚೆಗೆ ಅದು ಕಾಲಿಟ್ಟದ್ದು ಅದೇ ಮೊದಲು. ಇದನ್ನು ನಾನು ಆಮೇಲೆ ಅವರ ಮನೆಗೇ ಹೇಳಿಕಳಿಸಿ ವಿಚಾರಿಸಿದ್ದೇನೆ.

ಬಿಸಿಲೇರುವ ಹೊತ್ತಿಗೆ ಕೊನೆಯ ಹಳ್ಳಿ ದಾಟಿದೆವು. ಒಂದು ಬೇವಿನ ಮರದ ಕೆಳಗೆ ಮುದುಕ ಕುರಿಗಾರನೊಬ್ಬ ಕೂತಿದ್ದ. ದುರುಗಪ್ಪ ದಾರಿ ಕೇಳಿದ. "ಬಂಡಿ ದಾರಿ ಇಲ್ಲಿಗೇ ಮುಗೀತಪಾ. ಇನ್ನ ನಡಕೋಂತ ಏರ್ಬೇಕು. ಮುದುಕಿನ ಕಟಗೊಂಡು ಎಲ್ಲಿ ಹೋಗ್ತೀರಿ? ತಿರುಗ್ರಿ" ಎಂದ. ಎದುರಿಗೆ ಗುಡ್ಡ ಕಾಣುತ್ತಿತ್ತು. ಅದರ ಮೈತುಂಬ ಆನೆಯಂಥ ಕಲ್ಲು, ನಡುವೆ ಜಾಲಿ ಪೊದೆ. ಹೊಳೆ ಮೊರೆಯುವುದು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಅತ್ತೆ ಆ ಸದ್ದಿನ ಕಡೆಗೆ ಮುಖ ಮಾಡಿ ಕೂತಿದ್ದರು. ಮಂಜುಗಣ್ಣಿನಿಂದ ನೀರು ಇಳಿಯುತ್ತಿತ್ತು. ನನಗೆ ಅಳು ಒತ್ತಿಬಂತು, ಆದರೆ ಏನು ಮಾಡಲಿ? "ತಿರುಗಿಸು ದುರುಗಪ್ಪ" ಎಂದೆ.

ದುರುಗಪ್ಪ ಹಗ್ಗ ಜಗ್ಗಿದ. ಹಳೆಯ ಎತ್ತು ತಿರುಗಿತು, ಬಿಳ್ಯಾ ತಿರುಗಲಿಲ್ಲ. ನಾಲ್ಕೂ ಕಾಲು ನೆಟ್ಟು ನಿಂತುಬಿಟ್ಟಿತು. ದುರುಗಪ್ಪ ಬಾಲ ತಿರುವಿದ, ಬಾರುಕೋಲಿನಿಂದ ಒಂದೆರಡು ಕೊಟ್ಟ. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ. ಆಗ ಅತ್ತೆ ಬಂಡಿಯ ಕಮಾನಿನ ಮಾಡಿನೊಳಗಿನಿಂದ ಮುಂದಕ್ಕೆ ಬಾಗಿ, ನಾನೆಂದೂ ಕೇಳದ ಒಂದು ಎಳೆಯ ದನಿಯಲ್ಲಿ, "ಯಾಕ್ರೀ ಗಿರ್ದಾವರ್ ಸಾಹೇಬ್ರ, ಯಾಕ ನಿಂತ್ರಿ? ನಡೀರಿ ಮುಂದ" ಎಂದರು.

ಬಿಳ್ಯಾ ಕಿವಿ ಎತ್ತಿತು. ತಲೆಯನ್ನು ಒಮ್ಮೆ ಹಿಂದಕ್ಕೆ ಹೊರಳಿಸಿ ಅತ್ತೆಯನ್ನು ನೋಡಿತು. ಆಮೇಲೆ ದಾರಿ ಬಿಟ್ಟು ಎಡಕ್ಕೆ ಹೊರಳಿ ಸೀದಾ ಪೊದೆಗಳ ಕಡೆ ನಡೆಯಿತು. ಜೊತೆಯ ಎತ್ತು ಬೇರೆ ಗತಿಯಿಲ್ಲದೆ ಹಿಂಬಾಲಿಸಿತು.

ಮುಂದಿನದನ್ನು ಹೇಗೆ ಹೇಳಲಿ? ಪೊದೆಗಳ ನಡುವೆ ಬಂಡಿಯಗಲಕ್ಕೆ ಸರಿಯಾಗಿ ಜಾಗವಿತ್ತು. ಕಲ್ಲುಗಳ ಸಂದಿಯಲ್ಲೂ ಇತ್ತು. ಎದುರಿನಿಂದ ನೋಡಿದರೆ ಗೋಡೆಯಂತೆ ಕಾಣುತ್ತಿದ್ದ ಗುಡ್ಡವನ್ನು ಬಿಳ್ಯಾ ಬೆನ್ನಿನ ಕಡೆಯಿಂದ ಬಳಸಿ ಬಳಸಿ ಏರುತ್ತಿತ್ತು. ಒಂದು ಕಡೆಯೂ ತಡೆಯಲಿಲ್ಲ, ದಾರಿ ಹುಡುಕುವವರಂತೆ ಅತ್ತಿತ್ತ ನೋಡಲೂ ಇಲ್ಲ. ಸಂತೆಯಿಂದ ಮನೆಗೆ ಹೋಗುವ ಎತ್ತಿನ ನಡಿಗೆ ನಿಮಗೆ ಗೊತ್ತಲ್ಲ, ಥೇಟ್ ಅದೇ ನಡಿಗೆ. ಹೊಟ್ಟೆಯಲ್ಲಿನ ನೀರೂ ಅಲುಗದಂತೆ ಹೋಯಿತು ಬಂಡಿ. ದುರುಗಪ್ಪ ಹಗ್ಗ ಬಿಟ್ಟು ಎರಡೂ ಕೈ ಮುಗಿದು ಕೂತಿದ್ದ. ನಾನು ನಗುತ್ತಿದ್ದೆನೋ ಕೂಗುತ್ತಿದ್ದೆನೋ ನನಗೇ ನೆನಪಿಲ್ಲ. ಹೊಳೆಯ ಮೊರೆತ ಹೆಜ್ಜೆಹೆಜ್ಜೆಗೂ ದೊಡ್ಡದಾಗುತ್ತಿತ್ತು.

ಒಮ್ಮೆಲೇ ನೆಲ ಮುಗಿಯಿತು. ಮುಂದೆ ಬರೀ ಆಕಾಶ, ಕೆಳಗೆ ಹೊಳೆ. ಅಬ್ಬಾ, ಆ ಹೊಳೆ! ಕೆಂಪಗೆ, ಉಬ್ಬಿಕೊಂಡು, ಎರಡಾಗಿ ಸೀಳಿ, ನಡುಗಡ್ಡೆಯ ಕೋಟೆಯನ್ನು ಎರಡು ತೋಳಲ್ಲಿ ಬಳಸಿ, ದೂರದಲ್ಲಿ ಮತ್ತೆ ಒಂದಾಗಿ ಹರಿಯುತ್ತಿತ್ತು. ನೀರ ಹನಿ ಅಷ್ಟು ಎತ್ತರಕ್ಕೂ ಹಾರಿ ಮುಖಕ್ಕೆ ಬಡಿಯುತ್ತಿತ್ತು. ನಾನು ಚಿಕ್ಕ ಮಗುವಿನಂತೆ ಚಪ್ಪಾಳೆ ತಟ್ಟಿದೆ. ಬಿಳ್ಯಾ ಅಂಚಿನಿಂದ ನಾಲ್ಕು ಮಾರು ಈಚೆಗೆ ಹಾಸುಗಲ್ಲಿನ ಮೇಲೆ ನಿಧಾನ ಬಳಸಿ, ಬಂಡಿಯ ತೆರೆದ ಹಿಂಬದಿ ಹೊಳೆಗೆ ನೇರವಾಗಿ ಬರುವಂತೆ ತಿರುಗಿ ನಿಂತಿತು. ಯಾರೂ ಅದಕ್ಕೆ ಹೇಳಿರಲಿಲ್ಲ. ಅತ್ತೆ ಕೂತಲ್ಲಿಂದಲೇ, ಕಾಲು ಕೆಳಗಿಡದೆ, ಅಷ್ಟನ್ನೂ ನೋಡಿದರು.

"ಅವತ್ತೂ ಹಿಂಗ ನಿಲ್ಲಿಸಿದ್ದ ನಮ್ಮಪ್ಪ. ನಾ ಇಳದು ಅಂಚಿಗೆ ಓಡ್ತೀನಂತ" ಎಂದರು. ತುಂಬ ಹೊತ್ತು ನೋಡಿದ ಮೇಲೆ, ಗಿರ್ದಾವರ ಯಾರು ಎಂದು ನಾನು ಕೇಳಿದೆ. ಅತ್ತೆ ನಕ್ಕರು. ಅವರ ಅಪ್ಪನ ಬಳಿ ಒಂದು ಎತ್ತಿತ್ತಂತೆ, ಅವತ್ತು ಬಂಡಿ ಎಳೆದದ್ದೂ ಅದೇ; ತಿನ್ನುವುದಕ್ಕೆ ಮುಂದೆ, ಕೆಲಸಕ್ಕೆ ಹಿಂದೆ. ಹೊಲದಲ್ಲಿ ಯಾರೂ ಇಲ್ಲದಾಗ ಅಪ್ಪ ಅದನ್ನು ಗಿರ್ದಾವರ್ ಸಾಹೇಬ್ರ ಎಂದು ಬಹುವಚನದಲ್ಲಿ ಕರೆದು ನಡೆಸುತ್ತಿದ್ದರಂತೆ. ಹೊಲ, ಕಂದಾಯ ನೋಡುವ ಸರ್ಕಾರಿ ಸಾಹೇಬರ ಹೆಸರಿಟ್ಟು ಎತ್ತನ್ನು ಕೂಗಿದ್ದು ಊರಲ್ಲಿ ತಿಳಿದರೆ ಚಾವಡಿಗೆ ಎಳೆದೊಯ್ಯುತ್ತಾರೆಂದು ಹೆದರಿ, ಮನೆಯಲ್ಲೂ ಆ ಹೆಸರೆತ್ತಬಾರದೆಂದು ಮಗಳಿಂದ ಆಣೆ ಮಾಡಿಸಿಕೊಂಡಿದ್ದರಂತೆ. "ನಿಮ್ಮ ಮಾವಗೂ ಹೇಳಿಲ್ಲ ನಾ. ಇವತ್ತ ಹೆಂಗೋ ಬಾಯಿಗೆ ಬಂತು" ಎಂದರು. ಐವತ್ತು ವರ್ಷ ಯಾರೂ ಉಚ್ಚರಿಸದ ಹೆಸರು. ನನಗೆ ತಲೆಯಿಂದ ಕಾಲಿನವರೆಗೆ ರೋಮ ನಿಂತಿತು. ಬಿಳ್ಯಾ ಮಾತ್ರ ಆರಾಮಾಗಿ ಮೆಲುಕು ಹಾಕುತ್ತಿತ್ತು.

ಇಳಿಯುವಾಗಲೂ ಅದೇ ದಾರಿ ಹಿಡಿಯಿತು. ಬೇವಿನ ಮರದ ಹತ್ತಿರ ಬಂದಾಗ ಕುರಿಗಾರ ಇರಲಿಲ್ಲ. ಮಸ್ಕಿ ಮುಟ್ಟುವವರೆಗೂ ನನಗೆ ತಡೆಯಲಾಗುತ್ತಿರಲಿಲ್ಲ. ಅಂಗಳಕ್ಕೆ ಬಂದವಳೇ ಎಲ್ಲರನ್ನೂ ಕರೆದು ಹೇಳಬೇಕು, ನಕ್ಕವರೆಲ್ಲ ಅತ್ತೆಯ ಮುಂದೆ ತಲೆ ತಗ್ಗಿಸಬೇಕು! ಆದರೆ ಬಂಡಿಯ ಸದ್ದು ಕೇಳಿ ಗಂಡ ಹೊರಗೆ ಬಂದಿದ್ದರು, ನನಗಿಂತ ಮೊದಲು ದುರುಗಪ್ಪ ಬಾಯಿ ತೆರೆದ. "ಗುಡ್ಡಕ್ಕ ಹೋಗಿದ್ವಿರೀ ಧಣ್ಯಾರ. ಬಂಡಿ ಕೆಳಗ ಬಿಟ್ಟು, ಅವ್ವಾರ್ನ ನಾ ಬೆನ್ನ ಮ್ಯಾಲ ಹೊತ್ತು ಒಯ್ದೆ" ಎಂದ.

ನನ್ನ ಮೈ ಉರಿದುಹೋಯಿತು. ಸುಳ್ಳು ಎಂದು ಕಿರುಚಲು ಹೋದವಳ ತೊಡೆಯನ್ನು ಅತ್ತೆ ಬಂಡಿಯೊಳಗೇ ಚಿವುಟಿದರು. ಹಗ್ಗ ಬಿಟ್ಟು ಧಣಿಯ ಎತ್ತುಗಳನ್ನೂ ಧಣಿಯ ತಾಯಿಯನ್ನೂ ದರಿಯ ಅಂಚಿಗೆ ಹೋಗಗೊಟ್ಟ ಆಳನ್ನು ಯಾರೂ ಮರುದಿನ ಇಟ್ಟುಕೊಳ್ಳುವುದಿಲ್ಲ. ಆ ಭಯಕ್ಕೆ ಅವನು ಹಾಗೆ ಹೇಳಿದ್ದ. "ಅವನ ಹೊಟ್ಟಿ ಮ್ಯಾಲ ಹೊಡಿಯೂದು ಬ್ಯಾಡ. ಸುಮ್ಮನಿರು" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ಗಂಡ ನಗುತ್ತ, "ಬಂಡ್ಯಾಗ ಕುಂತು ನೋಡ್ತೀನಂತಿದ್ದಿ, ಮಂದಿ ಬೆನ್ನ ಮ್ಯಾಲ ಕುಂತು ನೋಡಿ ಬಂದ್ಯೇನವ್ವಾ?" ಎಂದರು. ಅತ್ತೆ ಹೂಂ ಎಂದರು. ಜೀವಮಾನವೆಲ್ಲ ಹಟ ಹಿಡಿದ ಮಾತನ್ನು ಹಾಗೆ ಬಿಟ್ಟುಕೊಟ್ಟದ್ದನ್ನು ಕಂಡು ನಾನು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ.

ಮುಂದಿನ ವರ್ಷ ದುರುಗಪ್ಪ ತಾನಾಗಿಯೇ ಬೇರೆ ಕೆಲಸ ಹಿಡಿದು ಹೋದ. ಆಗ ನಾನು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ನನ್ನ ಕಾಟಕ್ಕೆ ಕೊನೆಗೊಮ್ಮೆ ಬಂಡಿ ಕಟ್ಟಿದರು. ಅದೇ ಎತ್ತುಗಳು, ಅದೇ ಬೇವಿನ ಮರ. ನಾನು ಮುಂದಕ್ಕೆ ಬಾಗಿ ಆ ಹೆಸರು ಹಿಡಿದು ಮೂರು ಸಲ ಕರೆದೆ. ಬಿಳ್ಯಾ ಬಾಲದಿಂದ ನೊಣ ಹೊಡೆದುಕೊಂಡಿತು, ಅಷ್ಟೇ. ಇಳಿದು ಎಡಗಡೆಯ ಪೊದೆಗಳಲ್ಲಿ ತಡಕಾಡಿದೆ. ಮುಳ್ಳಿಗೆ ಹರಿದು ಸೀರೆ ಹಾಳಾಯಿತೇ ಹೊರತು ಬಂಡಿ ತೂರುವ ಸಂದು ಒಂದೂ ಸಿಗಲಿಲ್ಲ. ನೀರಿನ ವಾಸನೆಗೆ ಎತ್ತು ಹೋಗಿರಬಹುದು, ಹಳೆಯ ಕಾಲದ ದಾರಿಯೊಂದು ಇದ್ದಿರಬಹುದು, ಏನೆಲ್ಲ ಯೋಚಿಸಿದೆ. ಎಂದೂ ಕೇಳಿರದ ಹೆಸರಿಗೆ ಬಿಳ್ಯಾ ಹೇಗೆ ಕಿವಿಗೊಟ್ಟಿತು ಎಂಬಲ್ಲಿಗೆ ಬಂದರೆ ಎಲ್ಲ ಯೋಚನೆಯೂ ನಿಂತುಹೋಗುತ್ತದೆ.

ಮನೆಗೆ ಬಂದು ಅತ್ತೆಯ ಮುಂದೆ ಕುಸಿದು ಕೂತೆ. ಅಷ್ಟರಲ್ಲಿ ಅವರ ಇನ್ನೊಂದು ಕಣ್ಣೂ ಮುಚ್ಚಿತ್ತು. "ಬಿಳ್ಯಾ ಹೋಗ್ಲಿಲ್ರಿ ಅತ್ತಿ. ಇನ್ನ ನಮ್ಮ ಮಾತ ಯಾರೂ ನಂಬೂದಿಲ್ಲ" ಎಂದೆ. ಅವರು ತಡವರಿಸಿ ನನ್ನ ಕೈ ಹಿಡಿದುಕೊಂಡರು. "ನಂಬಿಸಿ ಏನ ಮಾಡ್ತೀಯವ್ವಾ? ಇಷ್ಟ ವರ್ಷ ನಾ ಒಬ್ಬಾಕಿ ನೋಡಿದ್ದೆ. ಈಗ ಇಬ್ರಾದ್ವಿ" ಎಂದರು.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ದುರುಗಪ್ಪನೂ ಇಲ್ಲ. ಅದು ಹೇಗಾಯಿತು ಎಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಆ ಹೊಳೆಯನ್ನು ಬಂಡಿಯಲ್ಲಿ ಕೂತು ನೋಡಿದವರಲ್ಲಿ ಈಗ ಮತ್ತೆ ಒಬ್ಬಳೇ ಉಳಿದಿದ್ದೇನೆ. ಅದಕ್ಕೇ ನಿಮಗೆ ಹೇಳಿದೆ.